ಡೋರಾಳ ಕನ್ನಡ ದನಿ ಈಗ ಯಾರ ಬಳಿ ಇದೆ?

ಟಿವಿಯಲ್ಲಿ ದಿನಾ ಬರುತ್ತಿದ್ದ ಕಾರ್ಟೂನ್ ಇದ್ದಕ್ಕಿದ್ದಂತೆ ಕಾಣದಾದರೆ ಕಾರಣ ಮೂರರಲ್ಲೊಂದು.

ಮೊದಲನೆಯದು ಸಿಗ್ನಲ್. ಮೂಡಿಗೆರೆ, ಕೊಟ್ಟಿಗೆಹಾರ, ಶೃಂಗೇರಿ ಕಡೆ ಆಷಾಢದ ಮಳೆ ಹಿಡಿದರೆ ಡಿಟಿಎಚ್ ತಟ್ಟೆಗೆ ಬರುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳೇ ಹೀರಿಕೊಳ್ಳುತ್ತವೆ. ಆಗ ಹತ್ತಾರು ಚಾನೆಲ್ ಒಟ್ಟಿಗೆ ಹೋಗುತ್ತವೆ, ಮಳೆ ತಗ್ಗಿದರೆ ಒಟ್ಟಿಗೆ ಬರುತ್ತವೆ. ಬಿಸಿಲಿದ್ದಾಗಲೂ ಹೀಗಾಗುತ್ತಿದ್ದರೆ ತಟ್ಟೆಯ ಎದುರಿನ ಮರ ಬೆಳೆದು ಅಡ್ಡ ಬಂದಿರಬಹುದು, ಇಲ್ಲವೇ ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಕನೆಕ್ಟರ್‌ಗೆ ನೀರಿಳಿದಿರಬಹುದು. ಎರಡನೆಯದು ಪ್ಯಾಕ್. ಉಳಿದ ಚಾನೆಲ್‌ಗಳೆಲ್ಲ ಚೆನ್ನಾಗಿದ್ದು ಒಂದರ ಮೇಲೆ ಮಾತ್ರ ನೀವು ಚಂದಾದಾರರಲ್ಲ ಎಂಬ ಸಂದೇಶ ಬಂದರೆ ಆ ಚಾನೆಲ್ ನಿಮ್ಮ ಪ್ಯಾಕ್‌ನಿಂದ ಹೊರಗೆ ಬಿದ್ದಿದೆ. ಕೇಬಲ್‌ನವರಿಗೋ ಡಿಟಿಎಚ್ ಕಂಪನಿಗೋ ಒಂದು ಫೋನ್ ಮಾಡಿದರೆ ಸರಿಹೋಗುತ್ತದೆ.

ಮೂರನೆಯದು ಹಕ್ಕು. ಚಾನೆಲ್ ಇದೆ, ಚಿತ್ರ ಸ್ಪಷ್ಟವಾಗಿದೆ, ಆದರೆ ನೀವು ಹುಡುಕುವ ಕಾರ್ಟೂನ್ ಮಾತ್ರ ಇಲ್ಲ. ಇದನ್ನು ರಿಪೇರಿ ಮಾಡುವವರು ಊರಲ್ಲಿ ಯಾರೂ ಇಲ್ಲ. ಅದು ಹೋದದ್ದು ನ್ಯೂಯಾರ್ಕ್, ಮುಂಬೈ, ಚೆನ್ನೈಗಳಲ್ಲಿ ಆದ ಯಾವುದೋ ಕರಾರಿನ ಕಾರಣಕ್ಕೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರಿನವರ ಬಾಯಲ್ಲಿ ಎಂಸಿಎಫ್, 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿದೆ. ದೇಶದ ಎಷ್ಟೋ ಮನೆಗಳಿಗೆ ಟಿವಿ ಮುಟ್ಟಿಸುವ ಉಪಗ್ರಹಗಳ ಕಡಿವಾಣ ಇರುವುದು ಇಲ್ಲೇ. ಆದರೆ ಆ ಉಪಗ್ರಹದ ಮೂಲಕ ಯಾವ ಕಾರ್ಟೂನ್, ಯಾವ ಭಾಷೆಯಲ್ಲಿ ಬರಬೇಕು ಎಂಬುದರ ಕಡಿವಾಣ ಬೇರೆಯವರ ಕೈಯಲ್ಲಿದೆ. ಕಳೆದ ನಲವತ್ತು ವರ್ಷಗಳಲ್ಲಿ ಆ ಕೈಗಳು ಹೇಗೆ ಬದಲಾದವು, ಬದಲಾದಾಗಲೆಲ್ಲ ಏನು ಉಳಿಯಿತು, ಏನು ಕಳೆಯಿತು ಎಂಬುದೇ ಇಲ್ಲಿನ ವಿಷಯ. ಮೊದಲೇ ಹೇಳಿಬಿಡುತ್ತೇವೆ: ವಿಲೀನಗಳಲ್ಲಿ ಚಿತ್ರ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕಳೆದುಹೋಗುವುದು ಕನ್ನಡದ ದನಿ, ಅಂದರೆ ಕನ್ನಡಕ್ಕೆ ಡಬ್ ಮಾಡಿದ ಮಾತು. ಒಂದು ಕಾಲಕ್ಕೆ ಟಿವಿಯಲ್ಲಿ ಕನ್ನಡ ಮಾತಾಡಿದ ಕಾರ್ಟೂನ್ ಹುಡುಗಿ ಡೋರಾಳ ದನಿಯೂ ಅಂಥದೇ.

ಒಂದು ಕಾರ್ಟೂನ್, ಹಲವು ಹಕ್ಕು

ಕಾರ್ಟೂನ್ ಎಂದರೆ ಒಂದೇ ಆಸ್ತಿ ಎಂದುಕೊಂಡರೆ ಈ ವ್ಯವಹಾರ ಎಂದಿಗೂ ಅರ್ಥವಾಗುವುದಿಲ್ಲ. ಮಲೆನಾಡಿನ ಒಂದು ಕಾಫಿ ತೋಟವನ್ನು ನೋಡಿ. ಜಮೀನು ಒಬ್ಬರ ಹೆಸರಿನಲ್ಲಿರುತ್ತದೆ. ಮರಗಳಿಗೆ ಹಬ್ಬಿದ ಮೆಣಸಿನ ಫಸಲನ್ನು ಈ ವರ್ಷಕ್ಕೆ ಗುತ್ತಿಗೆ ಹಿಡಿದವರು ಇನ್ನೊಬ್ಬರು. ಸಿಲ್ವರ್ ಮರಕ್ಕೆ ಮುಂಗಡ ಕೊಟ್ಟು ಹೋದವರು ಮತ್ತೊಬ್ಬರು. ತೋಟ ಮಾರಾಟವಾದರೂ ಗುತ್ತಿಗೆಯ ಕರಾರು ಮುಗಿಯುವ ತನಕ ಮೆಣಸು ಕೊಯ್ಯುವವರು ಕೊಯ್ಯುತ್ತಾರೆ. ಕರಾರು ಮುಗಿದ ಮೇಲೆ ಹೊಸ ಯಜಮಾನರು ಅದನ್ನು ಮುಂದುವರಿಸಲೇಬೇಕೆಂದೇನೂ ಇಲ್ಲ.

ಕಾರ್ಟೂನಿನ ಹಕ್ಕುಗಳೂ ಹೀಗೇ ಹಂಚಿಹೋಗಿರುತ್ತವೆ. ಮೂಲ ಕೃತಿಯ ಕಾಪಿರೈಟ್ ಒಬ್ಬರದು. ಅದನ್ನು ಭಾರತದ ಟಿವಿಯಲ್ಲಿ ತೋರಿಸುವ ಹಕ್ಕು ಬೇರೆ, ಮೊಬೈಲ್ ಆ್ಯಪ್‌ನಲ್ಲಿ ತೋರಿಸುವ ಹಕ್ಕು ಬೇರೆ. ತಮಿಳಿನಲ್ಲಿ ತೋರಿಸುವುದು ಒಂದು ಹಕ್ಕು, ಕನ್ನಡದಲ್ಲಿ ತೋರಿಸುವುದು ಇನ್ನೊಂದು. ಸ್ಕೂಲ್ ಬ್ಯಾಗಿನ ಮೇಲೆ ಚಿತ್ರ ಹಾಕಿಕೊಳ್ಳುವ ಹಕ್ಕು ಇವೆಲ್ಲಕ್ಕಿಂತ ಬೇರೆ, ಎಷ್ಟೋ ಸಲ ಎಲ್ಲಕ್ಕಿಂತ ಹೆಚ್ಚು ದುಡಿಯುವುದೂ ಅದೇ. ಪ್ರತಿಯೊಂದಕ್ಕೂ ಇಷ್ಟು ವರ್ಷ, ಇಷ್ಟು ಸಲ ಪ್ರಸಾರ ಎಂಬ ಮಿತಿ ಇರುತ್ತದೆ.

ಛೋಟಾ ಭೀಮ್ ಇದಕ್ಕೆ ಒಳ್ಳೆಯ ಉದಾಹರಣೆ. 2008ರಿಂದ ಅದು ಪೋಗೋದಲ್ಲಿ ಬಂದದ್ದರಿಂದ ಪೋಗೋದವರದೇ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಕಂಪನಿಯ ಪಾತ್ರ. ಪೋಗೋದ ಮಾತೃಸಂಸ್ಥೆ ಅಮೆರಿಕದಲ್ಲಿ ಎಷ್ಟು ಸಲ ಕೈ ಬದಲಾದರೂ ಭೀಮನ ಒಡೆತನ ಹೈದರಾಬಾದಿನಲ್ಲೇ ಉಳಿಯುತ್ತದೆ. ಚಾನೆಲ್ ಬೇರೆ, ಪಾತ್ರ ಬೇರೆ.

ಟಾಮ್ ಅಂಡ್ ಜೆರ್ರಿಯ ಯಜಮಾನರು

ಹೆಚ್ಚು ಸಲ ಕೈ ಬದಲಾದ ಬೆಕ್ಕು ಮತ್ತು ಇಲಿಯ ಕಥೆಯನ್ನು ವಿವರವಾಗಿ ನೋಡುವುದು ಒಳ್ಳೆಯದು. ಬೇರೆಲ್ಲ ವಿಲೀನಗಳ ಒಳಗುಟ್ಟು ಇದರಲ್ಲಿದೆ.

1940ರಲ್ಲಿ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತ ಮೊದಲ ಕಿರುಚಿತ್ರ ಮಾಡಿದರು. ಸಂಬಳಕ್ಕಿದ್ದವರು ಮಾಡಿದ್ದರಿಂದ ಹಕ್ಕು ಸ್ಟುಡಿಯೊದ್ದು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಇಬ್ಬರೂ ಹೊರಬಂದು ಹನ್ನಾ-ಬಾರ್ಬೆರಾ ಎಂಬ ಸ್ವಂತ ಸಂಸ್ಥೆ ಕಟ್ಟಿ 1960ರಲ್ಲಿ ಫ್ಲಿಂಟ್‌ಸ್ಟೋನ್ಸ್, 1969ರಲ್ಲಿ ಸ್ಕೂಬಿ-ಡೂ ಮಾಡಿದರು. ಟಾಮ್ ಅಂಡ್ ಜೆರ್ರಿ ಮಾತ್ರ ಹಳೆಯ ಯಜಮಾನರ ಬಳಿಯೇ ಉಳಿಯಿತು.

1986ರಲ್ಲಿ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಎಂಜಿಎಂ ಅನ್ನು ಕೊಂಡರು. ಸಾಲದ ಹೊರೆ ತಡೆಯಲಾರದೆ ಕೆಲವೇ ತಿಂಗಳಲ್ಲಿ ಸ್ಟುಡಿಯೊವನ್ನು ವಾಪಸ್ ಮಾರಿದರು. ಆದರೆ ಹಳೆಯ ಚಿತ್ರಗಳ ಸಂಗ್ರಹವನ್ನು ಮಾತ್ರ ಕೈಬಿಡಲಿಲ್ಲ. ಕಟ್ಟಡ, ಸ್ಟುಡಿಯೊ ಹೋದರೂ ಹಳೆಯ ರೀಲುಗಳೇ ಮುಂದೆ ಅನ್ನ ಹಾಕುತ್ತವೆ ಎಂಬ ಅವರ ಲೆಕ್ಕ ಸರಿಯಾಗಿತ್ತು. 1991ರಲ್ಲಿ ಹನ್ನಾ-ಬಾರ್ಬೆರಾ ಕೂಡ ಟರ್ನರ್ ಪಾಲಾಯಿತು. ಇಷ್ಟೊಂದು ಕಾರ್ಟೂನ್ ಕೈಯಲ್ಲಿದ್ದ ಮೇಲೆ ದಿನವಿಡೀ ಅದನ್ನೇ ತೋರಿಸುವ ಚಾನೆಲ್ ಯಾಕಾಗಬಾರದು? 1992ರ ಅಕ್ಟೋಬರ್ 1ರಂದು ಕಾರ್ಟೂನ್ ನೆಟ್‌ವರ್ಕ್ ಹುಟ್ಟಿದ್ದು ಹೀಗೆ. 1995ರಲ್ಲಿ ಅದು ಭಾರತಕ್ಕೂ ಬಂತು. ಆರಂಭದ ವರ್ಷಗಳಲ್ಲಿ ಹಗಲು ಕಾರ್ಟೂನ್, ರಾತ್ರಿ ಅದೇ ಜಾಗದಲ್ಲಿ ಟರ್ನರ್ ಅವರದೇ ಟಿಎನ್‌ಟಿ ಚಾನೆಲ್ಲಿನ ಹಳೆಯ ಇಂಗ್ಲಿಷ್ ಸಿನಿಮಾ.

ಆಮೇಲಿನದು ಬೇಗ ಬೇಗ ನಡೆದದ್ದು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್‌ನಲ್ಲಿ ಸೇರಿಹೋಯಿತು. 2001ರಲ್ಲಿ ಟೈಮ್ ವಾರ್ನರ್ ಮತ್ತು ಇಂಟರ್ನೆಟ್ ಕಂಪನಿ ಎಒಎಲ್ ಒಂದಾದವು. 2002ರ ಲೆಕ್ಕಪತ್ರದಲ್ಲಿ ಆ ಜೋಡಿ ಕಂಪನಿ ತೋರಿಸಿದ ನಷ್ಟ ಸುಮಾರು 9,900 ಕೋಟಿ ಡಾಲರ್. 2018ರ ಜೂನ್‌ನಲ್ಲಿ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಸುಮಾರು 8,540 ಕೋಟಿ ಡಾಲರ್ ಕೊಟ್ಟು ಟೈಮ್ ವಾರ್ನರ್ ಅನ್ನು ಕೊಂಡಿತು. ನಾಲ್ಕೇ ವರ್ಷಕ್ಕೆ ಅದನ್ನು ಬಿಟ್ಟುಕೊಟ್ಟಿತು. 2022ರ ಏಪ್ರಿಲ್ 8ರಂದು ಡಿಸ್ಕವರಿ ಜೊತೆ ಸೇರಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಆಯಿತು.

2025ರ ಡಿಸೆಂಬರ್‌ನಲ್ಲಿ ಇದೇ ಕಂಪನಿಗಾಗಿ ಬಂದ ಎರಡು ಪ್ರಸ್ತಾಪಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹಕ್ಕು ಹೇಗೆ ಸೀಳುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ನೆಟ್‌ಫ್ಲಿಕ್ಸ್ ಒಪ್ಪಂದದಲ್ಲಿದ್ದದ್ದು ಸ್ಟುಡಿಯೊ ಮತ್ತು ಸ್ಟ್ರೀಮಿಂಗ್ ಮಾತ್ರ. ಟಿವಿ ಚಾನೆಲ್‌ಗಳನ್ನು ಮೊದಲು ಬೇರೆ ಕಂಪನಿಯಾಗಿ ಕಡಿದು ಹಾಕಬೇಕು ಎಂಬುದು ಅದರ ಷರತ್ತು. ಡೋರಾ, ಸ್ಪಾಂಜ್‌ಬಾಬ್‌ಗಳ ಒಡೆತನವಿರುವ ಪ್ಯಾರಾಮೌಂಟ್ ಸ್ಕೈಡಾನ್ಸ್ ಷೇರಿಗೆ 30 ಡಾಲರ್‌ನಂತೆ ಚಾನೆಲ್‌ಗಳೂ ಸೇರಿ ಇಡೀ ಕಂಪನಿಯನ್ನೇ ಕೇಳಿತು. ಮೊದಲನೆಯ ದಾರಿಯಲ್ಲಿ ಸ್ಟುಡಿಯೊದ ಸಂಗ್ರಹ ಒಂದು ಮನೆಗೆ, ಅದನ್ನು ತೋರಿಸಲೆಂದೇ ಹುಟ್ಟಿದ ಚಾನೆಲ್ ಇನ್ನೊಂದು ಮನೆಗೆ. ಎರಡನೆಯದರಲ್ಲಿ ಡೋರಾ, ಸ್ಪಾಂಜ್‌ಬಾಬ್ ಮತ್ತು ಟಾಮ್ ಅಂಡ್ ಜೆರ್ರಿ ಒಂದೇ ಸೂರಿನಡಿ. ಮುಂದೆ ಯಾವ ವಿಲೀನದ ಸುದ್ದಿ ಓದಿದರೂ ಮೊದಲು ಇದನ್ನು ನೋಡಿ: ಸಂಗ್ರಹ ಎತ್ತ ಹೋಗುತ್ತಿದೆ, ಚಾನೆಲ್ ಎತ್ತ ಹೋಗುತ್ತಿದೆ.

ಇಷ್ಟೆಲ್ಲ ಆದರೂ ಟಾಮ್ ಅಂಡ್ ಜೆರ್ರಿ ನಮ್ಮ ಕಣ್ಣಿಗೆ ಬೀಳುತ್ತಲೇ ಇದೆ. ಅದರಲ್ಲಿ ಮಾತಿಲ್ಲ. ಡಬ್ಬಿಂಗ್ ಬೇಕಿಲ್ಲ, ಅರಸೀಕೆರೆಯಲ್ಲೂ ಅರ್ಜೆಂಟೀನಾದಲ್ಲೂ ಅದೇ ಪ್ರತಿ ನಡೆಯುತ್ತದೆ. ಮಾತಾಡುವ ಕಾರ್ಟೂನ್‌ಗಳಿಗೆ ಆ ಅನುಕೂಲ ಇಲ್ಲ.

ಮಾಡಿಟ್ಟ ಕಾರ್ಟೂನನ್ನು ಯಾಕೆ ಮುಚ್ಚಿಡುತ್ತಾರೆ

ದುಡ್ಡು ಹಾಕಿ ಮಾಡಿದ್ದನ್ನು ತೋರಿಸದೆ ಇಡುವುದರಿಂದ ಯಾರಿಗೆ ಲಾಭ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಸಾಲದಲ್ಲೂ ತೆರಿಗೆ ಲೆಕ್ಕದಲ್ಲೂ ಇದೆ.

ದೊಡ್ಡ ಕಂಪನಿಯೊಂದು ಇನ್ನೊಂದನ್ನು ಕೊಳ್ಳುವಾಗ ಬಹುಪಾಲು ಸಾಲ ಮಾಡಿಯೇ ಕೊಳ್ಳುತ್ತದೆ. ಆ ಸಾಲ ಕೊನೆಗೆ ಕೂರುವುದು ಹೊಸ ಜೋಡಿ ಕಂಪನಿಯ ತಲೆಯ ಮೇಲೆ. ವಾರ್ನರ್ ಬ್ರದರ್ಸ್ ಡಿಸ್ಕವರಿ ಹುಟ್ಟುವಾಗಲೇ ಅದರ ಮೇಲೆ 5,000 ಕೋಟಿ ಡಾಲರ್‌ಗೂ ಮೀರಿದ ಸಾಲ ಇತ್ತು. ಬಡ್ಡಿ ಕಟ್ಟಬೇಕು, ಖರ್ಚು ಇಳಿಸುತ್ತೇವೆ ಎಂದು ಷೇರುದಾರರಿಗೆ ಮಾತು ಕೊಟ್ಟಾಗಿದೆ. ಆಗ ಕತ್ತರಿ ಮೊದಲು ಬೀಳುವುದು ಕಡಿಮೆ ಜನ ನೋಡುವ ಕಾರ್ಯಕ್ರಮಗಳ ಮೇಲೆ.

ಲೆಕ್ಕ ಹೀಗೆ ನಡೆಯುತ್ತದೆ. ಒಂದು ಸರಣಿಗೆ 5 ಕೋಟಿ ಡಾಲರ್ ಖರ್ಚಾಗಿದೆ ಎಂದಿಟ್ಟುಕೊಳ್ಳಿ. ಆ ಖರ್ಚನ್ನು ಒಂದೇ ವರ್ಷಕ್ಕೆ ಹಾಕದೆ, ಕಾರ್ಯಕ್ರಮ ದುಡಿಯುವ ವರ್ಷಗಳಿಗೆ ಹಂಚುತ್ತಾರೆ. ಇದುವರೆಗೆ 2 ಕೋಟಿ ಕಳೆದಾಗಿದೆ, 3 ಕೋಟಿ ಇನ್ನೂ ಆಸ್ತಿ ಎಂದು ಪುಸ್ತಕದಲ್ಲಿ ಕೂತಿದೆ. ಇನ್ನು ಇದರಿಂದ ಏನೂ ಹುಟ್ಟುವುದಿಲ್ಲ ಎಂದು ಬರೆದು ಆ 3 ಕೋಟಿಯನ್ನೂ ಈಗಲೇ ವಜಾ ಮಾಡಿದರೆ ತೆರಿಗೆಗೆ ಒಳಪಡುವ ಲಾಭ ಅಷ್ಟು ಇಳಿಯುತ್ತದೆ. ಅಮೆರಿಕದ ಕಂಪನಿ ತೆರಿಗೆ ದರ 21 ಶೇಕಡ. ಉಳಿತಾಯ 63 ಲಕ್ಷ ಡಾಲರ್. ಜೊತೆಗೆ ಪ್ರತಿ ಪ್ರಸಾರಕ್ಕೆ ನಟರಿಗೂ ಸಂಗೀತದವರಿಗೂ ಕೊಡಬೇಕಾದ ಪಾಲು ಉಳಿಯುತ್ತದೆ. ಆದರೆ ಬೆಲೆ ಸೊನ್ನೆ ಎಂದು ಬರೆದ ಮೇಲೆ ಅದನ್ನೇ ತೋರಿಸಿ ದುಡ್ಡು ಮಾಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಕಾರ್ಯಕ್ರಮ ಕಣ್ಮರೆಯಾಗಲೇಬೇಕು.

2022ರ ಆಗಸ್ಟ್‌ನಲ್ಲಿ ಇದೇ ಕಂಪನಿಯ ಆ್ಯಪ್ ಎಚ್‌ಬಿಒ ಮ್ಯಾಕ್ಸ್‌ನಿಂದ ಒಮ್ಮೆಗೇ ತೆಗೆದುಹಾಕಿದ ಹತ್ತಾರು ಕಾರ್ಯಕ್ರಮಗಳಲ್ಲಿ ಇನ್ಫಿನಿಟಿ ಟ್ರೇನ್‌ನಂಥ ಒಳ್ಳೆಯ ಕಾರ್ಟೂನ್ ಇತ್ತು. 2023ರಲ್ಲಿ ಮುಗಿದು ತಯಾರಿದ್ದ ಕೊಯೊಟೆ ವರ್ಸಸ್ ಆಕ್ಮಿ ಸಿನಿಮಾವನ್ನೇ ಬಿಡುಗಡೆ ಮಾಡುವುದಿಲ್ಲ ಎಂದರು. ಜನ ಬಲವಾಗಿ ತಿರುಗಿಬಿದ್ದ ಮೇಲೆ 2025ರಲ್ಲಿ ಬೇರೆ ವಿತರಕರಿಗೆ ಮಾರಿದರು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ವೆಬ್‌ಸೈಟ್ ಮುಚ್ಚಿತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲದಿರಬಹುದು. ಆದರೆ ನೂರಾರು ಜನ ವರ್ಷಗಟ್ಟಲೆ ಕೂತು ಬಿಡಿಸಿದ್ದನ್ನು ಯಾರೂ ನೋಡದಂತೆ ಮಾಡುವುದು ಸರಿ ಎಂದು ನಮಗೆ ಅನಿಸುವುದಿಲ್ಲ.

ನೆನಪಿಗೆ ಬೆಲೆ ಕಟ್ಟುವ ಕೆಲಸವೂ ಇದೇ ಮೇಜಿನ ಮೇಲೆ ನಡೆಯುತ್ತದೆ. ಅಪ್ಪ ಅಮ್ಮ ಚಿಕ್ಕವರಿದ್ದಾಗ ನೋಡಿದ ಪಾತ್ರವನ್ನು ಮಕ್ಕಳಿಗೆ ತೋರಿಸಲು ಜಾಹೀರಾತು ಕಡಿಮೆ ಸಾಕು. ಅದಕ್ಕೇ ಹಳೆಯ ಹೆಸರಿನ ಹೊಸ ಸರಣಿಗಳು ಬರುತ್ತವೆ. ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಇಂಥ ಕೃತಿಗಳ ಕಾಪಿರೈಟ್ 95 ವರ್ಷ. 1928ರ ಸ್ಟೀಮ್‌ಬೋಟ್ ವಿಲ್ಲಿಯಲ್ಲಿನ ಮಿಕ್ಕಿ 2024ರ ಜನವರಿ 1ರಂದು ಎಲ್ಲರ ಸ್ವತ್ತಾದ. ಟಾಮ್ ಅಂಡ್ ಜೆರ್ರಿಯ ಮೊದಲ ಕಿರುಚಿತ್ರದ ಸರದಿ 2036ರ ಜನವರಿಗೆ. ಟ್ರೇಡ್‌ಮಾರ್ಕ್ ಹಾಗಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೆಸರನ್ನು ಬಳಕೆಯಲ್ಲಿಟ್ಟರೆ ಅದಕ್ಕೆ ಕೊನೆಯಿಲ್ಲ.

ನಮ್ಮ ಕಡೆಯ ವಿಲೀನ

2024ರ ನವೆಂಬರ್ 14ರಂದು ರಿಲಯನ್ಸ್‌ನ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ಒಂದಾದವು. ಜೋಡಿ ಕಂಪನಿಗೆ ಕಟ್ಟಿದ ಬೆಲೆ ₹70,352 ಕೋಟಿ. ಪಾಲು: ರಿಲಯನ್ಸ್ ನೇರವಾಗಿ 16.34 ಶೇಕಡ, ವಯಾಕಾಮ್18 46.82, ಡಿಸ್ನಿ 36.84. ಅದಕ್ಕೂ ಮೊದಲು ಅಮೆರಿಕದ ಪ್ಯಾರಾಮೌಂಟ್ ವಯಾಕಾಮ್18ನಲ್ಲಿದ್ದ ತನ್ನ 13.01 ಶೇಕಡ ಪಾಲನ್ನು ₹4,286 ಕೋಟಿಗೆ ರಿಲಯನ್ಸ್‌ಗೆ ಮಾರಲು ಒಪ್ಪಿತ್ತು. 2025ರ ಫೆಬ್ರವರಿ 14ರಂದು ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು.

ಕನ್ನಡಿಗರ ಮನೆಯಲ್ಲಿ ಇದರ ಅರ್ಥ ಏನು? 2000ದಲ್ಲಿ ಈಟಿವಿ ಕನ್ನಡವಾಗಿ ಹುಟ್ಟಿ 2015ರಲ್ಲಿ ಕಲರ್ಸ್ ಕನ್ನಡವಾದ ಚಾನೆಲ್ಲೂ ಅದರ ಪ್ರತಿಸ್ಪರ್ಧಿ ಸ್ಟಾರ್ ಸುವರ್ಣವೂ ಈಗ ಒಂದೇ ಮನೆಯವು. ಮಕ್ಕಳ ಚಾನೆಲ್‌ಗಳಲ್ಲಿ ವಯಾಕಾಮ್18 ಕಡೆಯಿಂದ ನಿಕ್, ಸೋನಿಕ್. ಸ್ಟಾರ್ ಕಡೆಯಿಂದ ಡಿಸ್ನಿ ಚಾನೆಲ್, ಹಂಗಾಮಾ. ಹಂಗಾಮಾವನ್ನು ಡಿಸ್ನಿ 2006ರಲ್ಲಿ ಯುಟಿವಿಯಿಂದ ಕೊಂಡದ್ದು. ಮೋಟು ಪತ್ಲುವಿನಂಥ ಕಾರ್ಟೂನ್ ಕೊಳ್ಳುವಾಗ ಒಂದು ಚಾನೆಲ್ ಇನ್ನೊಂದರ ಮೇಲೆ ಬಿದ್ದು ಬೆಲೆ ಏರಿಸುತ್ತಿದ್ದ ಕಾಲ ಮುಗಿದರೆ, ಕಾರ್ಟೂನ್ ಮಾಡುವ ಭಾರತೀಯ ಸ್ಟುಡಿಯೊಗಳಿಗೆ ಬಾಗಿಲು ತಟ್ಟಲು ಮನೆಗಳು ಕಡಿಮೆಯಾಗುತ್ತವೆ. ನಮಗೆ ಇದು ಈ ವಿಲೀನದ ಅತಿ ಚಿಂತೆಯ ಭಾಗ.

ಎಲ್ಲ ವಿಲೀನವೂ ಗೆಲ್ಲುವುದಿಲ್ಲ. ಝೀ ಮತ್ತು ಸೋನಿಯ ಮದುವೆ 2021ರಲ್ಲಿ ನಿಶ್ಚಯವಾಗಿ 2024ರ ಜನವರಿಯಲ್ಲಿ ಮುರಿದುಬಿತ್ತು.

ಕನ್ನಡದ ದನಿ ಎಲ್ಲಿ ಬಿದ್ದುಹೋಗುತ್ತದೆ

ಚೆನ್ನೈನ ಸನ್ ನೆಟ್‌ವರ್ಕ್ 2009ರಲ್ಲಿ ಚಿಂಟು ಟಿವಿ ಎಂಬ ಮಕ್ಕಳ ಕನ್ನಡ ಚಾನೆಲ್ ಶುರುಮಾಡಿತು. ಹಾಸನ, ಚಿಕ್ಕಮಗಳೂರಿನಲ್ಲಿ ಆಗ ಪ್ರೈಮರಿ ಶಾಲೆಯಲ್ಲಿದ್ದವರು ಈಗ ಕೆಲಸಕ್ಕೆ ಸೇರಿದ್ದಾರೆ. ಶಾಲೆಯಿಂದ ಬಂದು ಬ್ಯಾಗ್ ಬಿಸಾಕಿ, ಡೋರಾ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಟಿವಿಗೇ ಜೋರಾಗಿ ಉತ್ತರ ಹೇಳಿದ ಪೀಳಿಗೆ ಅದು. ಕಾರ್ಟೂನಿನ ಜಾಕಿ ಚಾನ್ ಕೂಡ ಅವರಿಗೆ ಕನ್ನಡ ಮಾತಾಡುವವನೇ.

ಇದರೊಳಗೆ ಎಷ್ಟು ಕಂಪನಿಗಳಿದ್ದವು ನೋಡಿ. ಡೋರಾ 2000ದಲ್ಲಿ ನಿಕೆಲೋಡಿಯನ್‌ನಲ್ಲಿ ಶುರುವಾದ ಸರಣಿ, ಒಡೆಯರು ವಯಾಕಾಮ್. ಭಾರತದಲ್ಲಿ ನಿಕ್ ಚಾನೆಲ್ ನಡೆಸುತ್ತಿದ್ದದ್ದು ವಯಾಕಾಮ್18. ಕನ್ನಡದಲ್ಲಿ ತೋರಿಸಿದ್ದು ಅವರ ಪ್ರತಿಸ್ಪರ್ಧಿ ಸನ್. ಭಾಷೆಯ ಹಕ್ಕು ಬಿಡಿಯಾಗಿ ಮಾರಾಟವಾಗುವುದರಿಂದಲೇ ಇದು ಸಾಧ್ಯವಾದದ್ದು. ಆಮೇಲೆ ವಯಾಕಾಮ್ 2019ರ ಡಿಸೆಂಬರ್‌ನಲ್ಲಿ ಸಿಬಿಎಸ್ ಜೊತೆ ಸೇರಿತು, 2022ರಲ್ಲಿ ಪ್ಯಾರಾಮೌಂಟ್ ಎಂದು ಹೆಸರು ಬದಲಿಸಿತು, 2025ರ ಆಗಸ್ಟ್ 7ರಂದು ಸ್ಕೈಡಾನ್ಸ್ ಕೈಗೆ ಹೋಯಿತು. ಈ ಒಂದೊಂದು ಹೆಜ್ಜೆಯಲ್ಲೂ ವಕೀಲರು ಆಸ್ತಿಪಟ್ಟಿ ಮಾಡುತ್ತಾರೆ. ಡೋರಾಳ ಇಂಗ್ಲಿಷ್ ಮಾಸ್ಟರ್, ಅಂದರೆ ಮೂಲ ಪ್ರತಿ, ಅಂಥ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಇನ್ನೊಂದು ದೇಶದ ಇನ್ನೊಂದು ಕಂಪನಿ ಮಾಡಿಸಿದ ಕನ್ನಡದ ದನಿಗೆ ಅಲ್ಲಿ ಒಂದು ಸಾಲು ಸಿಗುವುದು ಕಷ್ಟ.

ಡಬ್ಬಿಂಗ್ ಹೇಗಾಗುತ್ತದೆ ಎಂದು ಗೊತ್ತಿದ್ದರೆ ಈ ನಷ್ಟ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಮೂಲ ಕಂಪನಿ ಚಿತ್ರದ ಜೊತೆ ಎರಡು ಧ್ವನಿಪದರ ಕೊಡುತ್ತದೆ: ಒಂದು ಪೂರ್ತಿ ಇಂಗ್ಲಿಷ್ ಧ್ವನಿ, ಇನ್ನೊಂದು ಮಾತನ್ನು ತೆಗೆದು ಸಂಗೀತ ಮತ್ತು ಸದ್ದುಗಳನ್ನಷ್ಟೇ ಇಟ್ಟದ್ದು. ಉದ್ಯಮದಲ್ಲಿ ಎರಡನೆಯದನ್ನು ಎಂ ಅಂಡ್ ಇ (ಮ್ಯೂಸಿಕ್ ಅಂಡ್ ಎಫೆಕ್ಟ್ಸ್) ಟ್ರ್ಯಾಕ್ ಎನ್ನುತ್ತಾರೆ. ಅನುವಾದಕರು ಪಾತ್ರದ ಬಾಯಿ ಎಷ್ಟು ಹೊತ್ತು ಆಡುತ್ತದೆಯೋ ಅಷ್ಟೇ ಉದ್ದಕ್ಕೆ ಕನ್ನಡದ ಮಾತು ಕೂರಿಸಬೇಕು. ಇಂಗ್ಲಿಷಿನ ಎರಡಕ್ಷರದ ಮಾತಿಗೆ ಕನ್ನಡದಲ್ಲಿ ಐದಕ್ಷರ ಬಂದರೆ ಬಾಯಿ ಮುಚ್ಚಿದ ಮೇಲೂ ದನಿ ಓಡುತ್ತಿರುತ್ತದೆ. ಆಮೇಲೆ ಕಲಾವಿದರು ಸಾಲು ಸಾಲಾಗಿ ಹೇಳುತ್ತಾರೆ, ಎಂ ಅಂಡ್ ಇ ಮೇಲೆ ಆ ದನಿಯನ್ನು ಬೆರೆಸುತ್ತಾರೆ. 22 ನಿಮಿಷದ 26 ಕಂತು ಎಂದರೆ 572 ನಿಮಿಷ, ಹತ್ತಿರ ಹತ್ತಿರ ಒಂಬತ್ತೂವರೆ ಗಂಟೆಯ ಮಾತು. ತೀರ ಹಳೆಯ ಕಾರ್ಟೂನ್‌ಗಳಿಗೆ ಎಂ ಅಂಡ್ ಇ ಇರುವುದೇ ಇಲ್ಲ. ಇಂಗ್ಲಿಷ್ ಮಾತು ಅಳಿಸಿದರೆ ಜೊತೆಗೆ ಸಂಗೀತವೂ ಅಳಿಯುತ್ತದೆ, ಎಲ್ಲವನ್ನೂ ಹೊಸದಾಗಿ ಮಾಡಬೇಕು. ಅಂಥವು ಕನ್ನಡಕ್ಕೆ ಬರದಿರಲು ಇದೂ ಒಂದು ಕಾರಣ.

ಹೀಗೆ ಮಾಡಿದ ದನಿ ಯಾರದ್ದು? ಕರಾರುಗಳಲ್ಲಿ ಮೂರು ಬಗೆ. ಡಬ್ ಆದ ಕ್ಷಣದಿಂದ ಅದು ಮೂಲ ಕಂಪನಿಯದ್ದು ಎಂಬುದು ಒಂದು. ಖರ್ಚು ಮಾಡಿದ ಚಾನೆಲ್‌ನದ್ದು, ಮೂಲ ಕಂಪನಿ ಬೇಕಾದರೆ ಖರ್ಚಿನ ಒಂದು ಭಾಗ ಕೊಟ್ಟು ಪಡೆಯಬಹುದು ಎಂಬುದು ಇನ್ನೊಂದು. ಮೂರನೆಯದರಲ್ಲಿ ಆ ವಿಷಯವೇ ಬರೆದಿರುವುದಿಲ್ಲ. ಮೊದಲ ಬಗೆಯಲ್ಲೂ ಕಾಗದದ ಮೇಲೆ ಹಕ್ಕು ಇದ್ದರೆ ಸಾಲದು, ಲೈಸೆನ್ಸ್ ಮುಗಿದ ದಿನ ಯಾರಾದರೂ ಟೇಪು ಕೇಳಿ ಪಡೆಯಬೇಕು. ಕನ್ನಡದ ಟೇಪನ್ನು ಕೇಳುವವರು ಯಾರು? ಲಕ್ಷಾಂತರ ಗಂಟೆಯ ಸಂಗ್ರಹ ಇರುವ ಕಂಪನಿಗೆ ಅದು ಸಣ್ಣ ಮಾರುಕಟ್ಟೆಯ ಹಳೆಯ ಸಾಮಾನು.

ಟೇಪ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗಲೂ ತೊಡಕು ಇದೆ. ನಮ್ಮ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮಿನದು. ಆ್ಯಪ್‌ಗಳಿಗೆ ಬರುವ ಹೊಸ ಎಚ್‌ಡಿ ಮಾಸ್ಟರ್ ಸಾಮಾನ್ಯವಾಗಿ 23.976 ಫ್ರೇಮಿನದು. ಮಾಸ್ಟರ್‌ನಲ್ಲಿ 22 ನಿಮಿಷ ಇರುವ ಕಂತನ್ನು 25ರ ವೇಗಕ್ಕೆ ಓಡಿಸಿದರೆ 21 ನಿಮಿಷ 6 ಸೆಕೆಂಡಿಗೆ ಮುಗಿಯುತ್ತದೆ. ಆ ವೇಗಕ್ಕೆ ಮಾಡಿದ ಹಳೆಯ ಕನ್ನಡ ದನಿಯನ್ನು ಹೊಸ ಚಿತ್ರಕ್ಕೆ ಅಂಟಿಸಿದರೆ ಕೊನೆಯ ಹೊತ್ತಿಗೆ ಮಾತು ಚಿತ್ರಕ್ಕಿಂತ 54 ಸೆಕೆಂಡ್ ಮುಂದಿರುತ್ತದೆ. ದನಿಯನ್ನು ಸುಮಾರು 4 ಶೇಕಡ ನಿಧಾನಿಸಿ, ಶ್ರುತಿ ಸರಿಪಡಿಸಿ, ಜಾಹೀರಾತಿಗಾಗಿ ಕತ್ತರಿಸಿದ ಜಾಗಗಳನ್ನು ಹೊಂದಿಸಬೇಕು. ಇದು ಬಲ್ಲವರಿಗೆ ಅಸಾಧ್ಯದ ಕೆಲಸವಲ್ಲ. ಆದರೆ ಕಂತಿಗೆ ಒಬ್ಬರು ಕೂತು ಮಾಡಬೇಕು. ಅದಕ್ಕಿಂತ ಕನ್ನಡವನ್ನು ಬಿಟ್ಟುಬಿಡುವುದು ಅಥವಾ ಹೊಸ ದನಿಯಲ್ಲಿ ಮತ್ತೆ ಡಬ್ ಮಾಡಿಸುವುದು ಕಂಪನಿಗೆ ಸುಲಭ. ಹೊಸ ಡಬ್ಬಿಂಗ್ ಬಂದರೆ ಒಳ್ಳೆಯದೇ, ಇಂದಿನ ಮಕ್ಕಳಿಗೆ ಅದು ಬೇಕು. ದೊಡ್ಡವರಿಗೆ ಅದೇ ಪಾತ್ರ ಯಾಕೋ ಪರಕೀಯ ಅನಿಸಿದರೆ ಅವರ ನೆನಪು ಮೋಸ ಮಾಡುತ್ತಿಲ್ಲ, ದನಿ ನಿಜಕ್ಕೂ ಬೇರೆ.

ಹುಡುಕುವುದು ಹೇಗೆ

ಮೊದಲು ಒಡೆಯರನ್ನು ಗುರುತಿಸಿ. ಕಾರ್ಟೂನ್ ಮುಗಿದಾಗ ಬರುವ ಹೆಸರುಗಳ ಕಡೆಯಲ್ಲಿ ಕಾಪಿರೈಟ್ ಚಿಹ್ನೆ, ವರ್ಷ, ಕಂಪನಿ ಹೆಸರು ಇರುತ್ತದೆ. ವರ್ಷ ರೋಮನ್ ಅಂಕಿಯಲ್ಲಿರಬಹುದು. ಆ ಕಂಪನಿ ಈಗ ಯಾರ ಕೈಯಲ್ಲಿದೆ ಎಂಬುದನ್ನು ಹಿಂಬಾಲಿಸಿದರೆ ಯಾವ ಆ್ಯಪ್‌ನಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ಸಿಕ್ಕಿದ ಮೇಲೆ ಆಡಿಯೊ ಭಾಷೆಗಳ ಪಟ್ಟಿ ತೆರೆದು ನೋಡಿ. ಕಾರ್ಯಕ್ರಮದ ಹೆಸರಿನ ಕೆಳಗೆ ಕನ್ನಡ ಎಂದಿದ್ದರೂ ಎಲ್ಲ ಸೀಸನ್‌ಗೂ ಇರಬೇಕೆಂದಿಲ್ಲ, ಕಂತಿನ ಒಳಗೆ ಹೋಗಿಯೇ ನೋಡಬೇಕು. ಟಿವಿಯಲ್ಲಾದರೆ ರಿಮೋಟಿನ ಆಡಿಯೊ ಅಥವಾ ಭಾಷೆಯ ಬಟನ್ ಒತ್ತಿ. ಒಂದೇ ಚಾನೆಲ್ ಹಲವು ಭಾಷೆಯ ದನಿಯೊಂದಿಗೆ ಬರುತ್ತಿದ್ದು ಸೆಟ್‌ಟಾಪ್ ಬಾಕ್ಸ್ ಹಿಂದಿಗೆ ನಿಂತಿರುವುದು ತುಂಬಾ ಮನೆಗಳಲ್ಲಿ ಕಾಣುತ್ತದೆ.

ಮಕ್ಕಳ ಒಂದು ಚಾನೆಲ್‌ಗಾಗಿ ದೊಡ್ಡ ಪ್ಯಾಕ್ ಕೊಳ್ಳಬೇಕಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರ ಫೆಬ್ರವರಿಯಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಕೊಡಲೇಬೇಕು, ಬೆಲೆ ಬಹಿರಂಗವಾಗಿರಬೇಕು. ಗುಂಪಿನಲ್ಲಿ ಸೇರಿಸುವ ಚಾನೆಲ್‌ನ ಬಿಡಿ ಬೆಲೆ ₹19 ಮೀರುವಂತಿಲ್ಲ. ಚಾನೆಲ್‌ನ ಹೆಸರು, ನಂಬರ್ ಹೇಳಿ ಬಿಡಿಯಾಗಿ ಕೊಡಿ ಎಂದು ಕೇಳಿ. ವಿಲೀನವಾದ ಕಂಪನಿಗಳ ಪ್ಯಾಕ್‌ನಲ್ಲಿ ಸೀರಿಯಲ್ಲು, ಕ್ರಿಕೆಟ್ಟು, ಕಾರ್ಟೂನು ಎಲ್ಲ ಒಟ್ಟಿಗೆ ಕಟ್ಟಿರುವುದರಿಂದ ಬಿಡಿ ಬೆಲೆ ಒಮ್ಮೆ ಕೂಡಿ ನೋಡುವುದು ಒಳ್ಳೆಯದು.

ಮನೆಯಲ್ಲೇ ಇರಬಹುದಾದದ್ದು

ಕಂಪನಿಗಳ ಬಳಿ ಇಲ್ಲದ ಕನ್ನಡದ ದನಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರುವ ಸಾಧ್ಯತೆ ನಿಜಕ್ಕೂ ಇದೆ. ಅದನ್ನು ಹೊರತೆಗೆಯುವಾಗ ಹಾಳಾಗುವುದೂ ಹೆಚ್ಚು.

ಚಿಂಟು ಕಾಲದ ರೆಕಾರ್ಡಿಂಗ್ ಹೆಚ್ಚಾಗಿ ಸಿಗುವುದು ಟಿವಿ ಟ್ಯೂನರ್ ಕಾರ್ಡ್ ಹಾಕಿದ್ದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಂಪ್ಯೂಟರನ್ನು ನೇರವಾಗಿ ಆನ್ ಮಾಡಬೇಡಿ. ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಅಗಲ ಪಟ್ಟಿಯ, ಎರಡು ಸಾಲು ಪಿನ್ನಿನದಾದರೆ ಐಡಿಇ, ತೆಳು ಎಲ್ ಆಕಾರದ್ದಾದರೆ ಸಾಟಾ. ಅಡಾಪ್ಟರ್ ಅದಕ್ಕೆ ತಕ್ಕದ್ದು ಬೇಕು. ಟಕ್ ಟಕ್ ಸದ್ದು ಬಂದರೆ ಕೂಡಲೇ ತೆಗೆಯಿರಿ, ಮುಂದಿನದು ಡೇಟಾ ತೆಗೆಯುವವರ ಕೆಲಸ. ಸದ್ದಿಲ್ಲದಿದ್ದರೆ ಮೊದಲು ಎಲ್ಲವನ್ನೂ ಕಾಪಿ ಮಾಡಿ, ಆಮೇಲೆ ತೆರೆದು ನೋಡಿ.

ಸೆಟ್‌ಟಾಪ್ ಬಾಕ್ಸ್‌ಗೆ ಪೆನ್‌ಡ್ರೈವ್ ಹಾಕಿ ಮಾಡಿದ ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಅದು ಆ ಬಾಕ್ಸ್‌ಗೇ ಬೀಗ ಹಾಕಿದ ಫೈಲ್. ಬಾಕ್ಸ್ ಬದಲಿಸುವ ಮೊದಲೇ ಅದರ ಹಳದಿ, ಬಿಳಿ, ಕೆಂಪು ಎವಿ ಔಟ್‌ನಿಂದ, ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸ್ಟಿಕ್‌ಗೆ ಜೋಡಿಸಿ ಓಡಿಸಿ ರೆಕಾರ್ಡ್ ಮಾಡಿಕೊಳ್ಳಿ. ವಿಸಿಡಿಯಾದರೆ ಸುಲಭ: ಡಿಸ್ಕ್ ತೆರೆದು ಎಂಪೆಗ್‌ಎವಿ (MPEGAV) ಹೆಸರಿನ ಫೋಲ್ಡರ್‌ನಲ್ಲಿರುವ ಡ್ಯಾಟ್ (DAT) ಫೈಲನ್ನು ಕಾಪಿ ಮಾಡಿ, ಹೆಸರಿನ ಕೊನೆಯ ಮೂರಕ್ಷರವನ್ನು ಎಂಪಿಜಿ (MPG) ಎಂದು ಬದಲಿಸಿದರೆ ಸಾಕು.

ವಿಎಚ್‌ಎಸ್ ಕ್ಯಾಸೆಟ್ ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿದಿರುತ್ತದೆ. ಕಿಟಕಿಯಂಥ ಪ್ಲಾಸ್ಟಿಕ್‌ನೊಳಗೆ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿ, ಎಳೆ ಅಥವಾ ಚುಕ್ಕೆ ಕಂಡರೆ ವಿಸಿಆರ್‌ಗೆ ಹಾಕಬೇಡಿ. ಟೇಪ್ ಓದುವ ಹೆಡ್ ಕಟ್ಟಿಕೊಳ್ಳುವುದಲ್ಲದೆ ಆ ಬೂಷ್ಟು ಮುಂದಿನ ಎಲ್ಲ ಕ್ಯಾಸೆಟ್‌ಗೂ ಹತ್ತುತ್ತದೆ. ಚೆನ್ನಾಗಿರುವುದನ್ನು ಒಮ್ಮೆ ಕೊನೆಯವರೆಗೆ ಓಡಿಸಿ ವಾಪಸ್ ಸುತ್ತಿ, ಆಮೇಲೆ ಪ್ಲೇ ಮಾಡಿ. ಕ್ಯಾಪ್ಚರ್ ಸೆಟ್ಟಿಂಗ್ ಪಾಲ್ (PAL), 720 ಗುಣಿಸು 576, ಸೆಕೆಂಡಿಗೆ 25 ಫ್ರೇಮ್ ಇರಲಿ. ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ ಬೇಕು, ಎಚ್.264ರಲ್ಲಿ 4 ಎಂಬಿಪಿಎಸ್‌ಗೆ ಇಟ್ಟರೆ 1.8 ಜಿಬಿ. ಕಾಪಿ ಎರಡು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಕ್ಯಾಸೆಟ್ಟನ್ನು ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ, ಮಳೆಗಾಲಕ್ಕೆ ಮೊದಲು ಜೆಲ್ ಬದಲಿಸಿ.

ಜಾಹೀರಾತುಗಳನ್ನು ಕತ್ತರಿಸಬೇಡಿ. ಪ್ರಸಾರವಾದ ವರ್ಷ ಗೊತ್ತಾಗುವುದು ಅವುಗಳಿಂದಲೇ. ಕೊನೆಯ ಹೆಸರುಗಳನ್ನೂ ಪೂರ್ತಿ ಉಳಿಸಿ, ಕನ್ನಡದ ದನಿ ಕೊಟ್ಟವರ ಹೆಸರು ಬಂದಿದ್ದರೆ ಅದು ಅಲ್ಲಿ ಮಾತ್ರ ಇರುತ್ತದೆ. ಕಾಪಿರೈಟ್ ಕಾಯ್ದೆಯ 39ನೇ ಕಲಂ ಪ್ರಸಾರವನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳುವುದನ್ನೂ, ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ಬಳಸುವುದನ್ನೂ ಪ್ರಸಾರಕರ ಹಕ್ಕಿನ ಉಲ್ಲಂಘನೆ ಎನ್ನುವುದಿಲ್ಲ. ಯೂಟ್ಯೂಬ್‌ಗೆ ಹಾಕುವುದು ಅದರೊಳಗೆ ಬರುವುದಿಲ್ಲ: ಪ್ರಸಾರಕರ ಹಕ್ಕು 25 ವರ್ಷ, ಚಿತ್ರದ ಕಾಪಿರೈಟ್ ಭಾರತದಲ್ಲಿ 60 ವರ್ಷ. ಹಾಕಿದರೆ ಕಾಪಿರೈಟ್ ಸ್ಟ್ರೈಕ್ ಬಿದ್ದು ಆ ವಿಡಿಯೊ ಅಲ್ಲಿಂದ ಹೋಗಬಹುದು. ಯಾವ ಕಾರ್ಟೂನ್, ಯಾವ ಕಂತು, ಯಾವ ಚಾನೆಲ್, ಸುಮಾರು ಯಾವ ವರ್ಷ ಎಂಬುದನ್ನು ಬರೆದು ಫೈಲಿನ ಜೊತೆಗಿಡಿ. ಹಕ್ಕು ಇರುವ ಕಂಪನಿಯೊಂದು ಕನ್ನಡದ ಹಳೆಯ ದನಿ ಹುಡುಕಿಕೊಂಡು ಬಂದರೆ ಅವರು ಕೇಳುವುದು ಈ ನಾಲ್ಕನ್ನೇ.